ಹೊಳೆ ಸುಮ್ಮನಾದ ಬೆಳಗ್ಗೆ

ಒಬ್ದುಲಿಯಾ ಪಿನೆದಾ ಇಪ್ಪತ್ತಾರು ವರ್ಷ ಒಂದೇ ಶಾಲೆಯಲ್ಲಿ ಪಾಠ ಹೇಳಿದವಳು. ಹೊಂಡುರಾಸಿನ ಕಾಫಿ ಗುಡ್ಡಗಳ ನಡುವೆ, ಹೊಳೆಯ ದಂಡೆಗೆ ಅಂಟಿಕೊಂಡಿದ್ದ ಒಂದೇ ಕೋಣೆಯ ಶಾಲೆ. ಪುಸ್ತಕಗಳು ಎಂದೂ ಸಾಲುತ್ತಿರಲಿಲ್ಲವಾದ್ದರಿಂದ ಮಳೆಯ ಪಾಠವನ್ನು ಅವಳು ಕಥೆ ಕಟ್ಟಿ ಹೇಳುತ್ತಿದ್ದಳು. ಕಥೆಯಲ್ಲಿ ಚೆಪಾ ಎಂಬ ನೀರಿನ ಹನಿ, ನಿಂತಲ್ಲಿ ನಿಲ್ಲದ ಹುಡುಗಿ. ಬಿಸಿಲು ತಾಗಿದರೆ ಸಮುದ್ರದಿಂದ ಆವಿಯಾಗಿ ಏರುವಳು, ಚಳಿಯಾದರೆ ಗೆಳತಿಯರನ್ನು ತಬ್ಬಿಕೊಂಡು ಮೋಡವಾಗುವಳು, ಗುಡ್ಡದ ಮೇಲೆ ಮಳೆಯಾಗಿ ಉದುರಿ ಹೊಳೆ ಹಿಡಿದು ಮತ್ತೆ ಸಮುದ್ರಕ್ಕೆ ಓಡುವಳು. ದಿನಕ್ಕೊಂದು ಮಗು ಕಥೆ ಮುಂದುವರಿಸಬೇಕು. ಚೆಪಾ ಎಲ್ಲಿಗಾದರೂ ಹೋಗಲಿ, ಮಾಯವಾದಳು ಎನ್ನುವಂತಿಲ್ಲ. ಎಲ್ಲಿದ್ದಾಳೆ ಎಂದು ಹೇಳಲೇಬೇಕು.

ಪೋಷಕರ ಸಮಿತಿಯ ಹಿರಿಯ, ಊರವರು ಗೌರವದಿಂದ ದೋನ್ ಎಂದು ಕರೆಯುತ್ತಿದ್ದ ಎಲಿಸಿಯೊಗೆ ಇದು ಹಿಡಿಸುತ್ತಿರಲಿಲ್ಲ. "ಅಜ್ಜಿ ಕಥೆ ಹೇಳೋಕೆ ಮನೇಲಿ ಅಜ್ಜಿ ಇದ್ದಾಳೆ. ನೀವು ಪಾಠ ಹೇಳ್ರಿ ಟೀಚರ್" ಎಂದು ಊರೆದುರೇ ಚುಚ್ಚುತ್ತಿದ್ದ.

ಇಪ್ಪತ್ತಾರನೆಯ ವರ್ಷದ ನವೆಂಬರಿನಲ್ಲಿ ಮೂರು ದಿನದಿಂದ ಮಳೆ ಹಿಡಿದಿತ್ತು. ನಾಲ್ಕನೆಯ ಬೆಳಗ್ಗೆ ಮಕ್ಕಳು ಶಾಲೆ ಸೇರಿದ ಮೇಲೆ ಹೊಳೆ ಉಕ್ಕಿ, ಆಚೆ ದಂಡೆಯ ಮನೆಗಳಿಗೆ ದಾರಿ ಕಡಿಯಿತು. ಹತ್ತೊಂಬತ್ತು ಮಕ್ಕಳು, ಒಬ್ದುಲಿಯಾ, ಮೊಮ್ಮಗಳು ನೋಲ್ವಿಯಾಳನ್ನು ಬಿಡಲು ಬಂದಿದ್ದ ಎಲಿಸಿಯೊ, ಎಲ್ಲರೂ ಸಿಕ್ಕಿಬಿದ್ದರು. ಕೆಂಪು ನೀರು ಶಾಲೆಯ ಕೆಳಗಿನ ಮೆಟ್ಟಿಲನ್ನು ನೆಕ್ಕುತ್ತಿತ್ತು.

ಹತ್ತು ಗಂಟೆಯ ಹೊತ್ತಿಗೆ ಹೊಳೆಯ ಮೊರೆತ ಇದ್ದಕ್ಕಿದ್ದಂತೆ ನಿಂತಿತು. ನೋಡನೋಡುತ್ತಿದ್ದಂತೆ ನೀರು ಮೊಣಕಾಲಿಗಿಳಿದು ಬಂಡೆಗಳು ಕಂಡವು. ಮಕ್ಕಳು ಕೇಕೆ ಹಾಕಿದರು.

"ದೇವರು ದೊಡ್ಡವನು! ಚೀಲ ಎತ್ಕೊಳ್ರೋ, ಬೇಗ ದಾಟಿಬಿಡೋಣ" ಎಂದ ಎಲಿಸಿಯೊ.

ಎಂಟು ವರ್ಷದ ನೋಲ್ವಿಯಾ ಮಾತ್ರ ಕಿಟಕಿ ಬಿಟ್ಟು ಕದಲಲಿಲ್ಲ. "ಟೀಚರ್, ಮಳೆ ಇನ್ನೂ ಹೊಯ್ತಾನೇ ಇದೆ. ಚೆಪಾ ಎಲ್ಲಿಗೆ ಹೋದ್ಲು?"

ಒಬ್ದುಲಿಯಾ ಕಿವಿಗೊಟ್ಟಳು. ತಗಡಿನ ಮಾಡಿನ ಮೇಲೆ ಮಳೆಯ ಸದ್ದು ಒಂದಿಷ್ಟೂ ತಗ್ಗಿರಲಿಲ್ಲ. ಅಷ್ಟು ನೀರು ಎಲ್ಲೋ ನಿಂತಿರಲೇಬೇಕು. ಮೇಲೆ ಗುಡ್ಡ ಜರಿದು ಹೊಳೆಗೆ ಅಡ್ಡ ಬಿದ್ದಿದೆ. ಆ ಮಣ್ಣು ಎಷ್ಟು ಹೊತ್ತು ತಡೆದೀತು?

"ಯಾರೂ ಹೊಳೆಗೆ ಇಳಿಯಬೇಡಿ! ಕೈ ಕೈ ಹಿಡ್ಕೊಳ್ಳಿ, ಗುಡ್ಡ ಹತ್ತಬೇಕು."

"ನಿಮಗೇನು ತಲೆ ಕೆಟ್ಟಿದೆಯಾ? ಈ ಮಳೇಲಿ?" ಎಲಿಸಿಯೊ ಬಾಗಿಲಿಗೆ ಅಡ್ಡ ನಿಂತ.

"ಮೇಲೆ ಬಂದು ಬೈಯ್ರಿ, ದೋನ್ ಎಲಿಸಿಯೊ. ಅಲ್ಲಿ ಎಷ್ಟು ಬೇಕಾದ್ರೂ ಬೈಸ್ಕೋತೀನಿ. ಈಗ ದಾರಿ ಬಿಡ್ರಿ."

ನೋಲ್ವಿಯಾ ಅವನ ತೋಳಿನಡಿ ನುಸುಳಿ ಆಗಲೇ ಹೊರಗೆ ಓಡಿದ್ದಳು. ಅವನು ಬೈಯುತ್ತಲೇ ಹಿಂದೆ ಹೊರಟ.

ದಿಬ್ಬದ ಮೇಲೆ ಎಲಿಸಿಯೊನ ಕಾಫಿ ಒಣಗಿಸುವ ಕಣವಿತ್ತು. ಕೆಸರಿನಲ್ಲಿ ಜಾರುತ್ತ, ಕಾಫಿ ಗಿಡದ ಬುಡ ಹಿಡಿಯುತ್ತ ಹತ್ತಿದರು. ಕಣ ಮುಟ್ಟಿ ಎಣಿಸಿದರೆ ಹದಿನೆಂಟೇ ತಲೆ. ಅತಿ ಚಿಕ್ಕವಳು, ದೆಲ್ಮಿ, ಅರ್ಧ ದಾರಿಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಹೂತು ಅಳುತ್ತಿದ್ದಳು. ಒಬ್ದುಲಿಯಾ ಇಳಿಯಲು ತಿರುಗುವಷ್ಟರಲ್ಲಿ ಎಲಿಸಿಯೊ ಕುಂಡಿಯೂರಿ ಜಾರಿಕೊಂಡೇ ಇಳಿದಿದ್ದ. ಮಗುವನ್ನು ಕಿತ್ತು ಹೆಗಲಿಗೆ ಹಾಕಿಕೊಂಡು ಏದುಸಿರು ಬಿಡುತ್ತ ಹತ್ತಿದ.

ಅವನ ಕಾಲು ಕಣಕ್ಕೆ ತಾಗಿದಾಗ ಮೇಲಿನ ಕಣಿವೆಯಿಂದ ಗುಡುಗಿನಂಥ ಸದ್ದು ಬಂತು. ಮರ, ಬಂಡೆ, ಮಣ್ಣು ಕಲಸಿದ ನೀರಿನ ಗೋಡೆ ತಿರುವಿನಲ್ಲಿ ಕಾಣಿಸಿತು. ಶಾಲೆಯ ಮಾಡು ಒಮ್ಮೆ ಮೇಲೆದ್ದು ಮಗುಚಿತು. ಆಮೇಲೆ ಅಲ್ಲಿ ಶಾಲೆಯಿರಲಿಲ್ಲ.

ಆಚೆ ದಂಡೆಯ ಮನೆಗಳು ಎತ್ತರದಲ್ಲಿದ್ದವು, ಜನ ಉಳಿದರು. ಮೂರು ದಿನದ ಮೇಲೆ ತಾಯಂದಿರು ಹಗ್ಗ ಕಟ್ಟಿ ದಾಟಿ ಬಂದು ಮಕ್ಕಳನ್ನು ಎದೆಗವಚಿಕೊಂಡರು.

ಎಲಿಸಿಯೊ ಕ್ಷಮೆ ಕೇಳಿದವನಲ್ಲ. ಕಣದ ಜಾಗವನ್ನು ಶಾಲೆಗೆ ಬರೆದುಕೊಟ್ಟ, ತಗಡುಗಳನ್ನು ತಾನೇ ಹೊತ್ತು ತಂದ. ಒಬ್ದುಲಿಯಾ ಅಲ್ಲಿ ಇನ್ನೂ ಒಂಬತ್ತು ವರ್ಷ ಪಾಠ ಹೇಳಿದಳು. ಮಳೆ ಜೋರಾದರೆ ಅವಳು ಪಾಠ ನಿಲ್ಲಿಸಿ ಬಾಗಿಲಿಗೆ ಬರುತ್ತಿದ್ದಳು. ಕೆಳಗೆ ಹೊಳೆ ಮೊರೆಯುವುದು ಕಿವಿಗೆ ಬಿದ್ದ ಮೇಲೆಯೇ ಸೀಮೆಸುಣ್ಣ ಮತ್ತೆ ಕೈಗೆತ್ತಿಕೊಳ್ಳುತ್ತಿದ್ದಳು.