‘ಜಾರಿ ಬಿದ್ದಳು’ ಎಂದು ಬರೆದವನು

ಮೊನ್ನೆ ಮಾನ್ವಿಯ ನಮ್ಮ ಮನೆಗೆ ಗಾದಿಯ ಹಳೆ ಹತ್ತಿ ಹಿಂಜಲು ಪಿಂಜಾರ ಬಂದಿದ್ದ. ಅಂಗಳದ ತುಂಬ ದೂಳೆದ್ದಿತು. ಆ ದೂಳಿನ ವಾಸನೆ ಮೂಗಿಗೆ ಹತ್ತಿದ್ದೇ ತಡ, ನಲವತ್ತರ ದಶಕದ ರಾಯಚೂರು, ನಾನು ಮುನ್ಶಿಯಾಗಿ ಲೆಕ್ಕಪತ್ರ ಬರೆಯುತ್ತಿದ್ದ ಹತ್ತಿ ಜಿನ್ನಿಂಗ್ ಕಾರ್ಖಾನೆ, ಅಲ್ಲಿಯ ಯವ್ವ... ಎಲ್ಲ ಕಣ್ಣ ಮುಂದೆ ಬಂದು ನಿಂತವು.

ಸಾಲಾಗಿ ಕುಳಿತು ಬೀಜ ಬಿಡಿಸುವ ಯಂತ್ರಗಳಿಗೆ ಹತ್ತಿ ಉಣಿಸುತ್ತಿದ್ದ ಹೆಂಗಸರಲ್ಲಿ ಚೀಕಲಪರ್ವಿಯಿಂದ ಬಂದಿದ್ದ ಆಕೆಯೇ ಹಿರಿಯಳು. ಎಲ್ಲರೂ ಯವ್ವ ಎನ್ನುತ್ತಿದ್ದರು, ನಾನೂ ಅಂದೆ. ಕೆಲಸ ನಿಧಾನವಾದರೆ ಮಾಲಕರು ಮೇಸ್ತ್ರಿಯನ್ನು ಬಯ್ಯುತ್ತಿದ್ದರು. ಮೇಸ್ತ್ರಿ ಯಂತ್ರದ ಹರಿದ ತೊಗಲ ಪಟ್ಟೆ ಹಿಡಿದು ಹೆಂಗಸರ ಮೇಲೆ ಬರುತ್ತಿದ್ದ. ಯಾರಿಗಾದರೂ ಗಾಯವಾದರೆ ರಿಜಿಸ್ಟರಿನಲ್ಲಿ ಬರೆಯುವವನು ನಾನು. ನಿಜಾಮರ ಕಾಲ, ಬರಹವೆಲ್ಲ ಉರ್ದು. ದಖನಿ ಉರ್ದು ಮನೆಮಾತಿನ ನನಗೆ ಅದು ಸಲೀಸು, ಆ ಹೆಂಗಸರಲ್ಲಿ ಒಬ್ಬರಿಗೂ ಓದಲು ಬಾರದು. ಪ್ರತಿ ಸಲವೂ ‘ಕಾಲು ಜಾರಿ ಬಿದ್ದಳು’ ಎಂದು ಬರೆದು ಸುಮ್ಮನಾಗುತ್ತಿದ್ದೆ. ನನ್ನ ರಿಜಿಸ್ಟರ್ ನಂಬಿದರೆ ಆ ನೆಲಕ್ಕೆ ದಿನಾ ಎಣ್ಣೆ ಸುರಿಯುತ್ತಿದ್ದೆವು ಎನ್ನಬೇಕು.

ಒಂದು ಮಧ್ಯಾಹ್ನ ಎಳೆಯ ಬಾಣಂತಿಯೊಬ್ಬಳ ಬೆನ್ನಿಗೆ ಪಟ್ಟೆ ಬಿತ್ತು. ರಕ್ತ ಬಂತು. ಯವ್ವ ಅವಳ ಕೈ ಹಿಡಿದು ನನ್ನ ಕಿಟಕಿಗೆ ಕರೆತಂದಳು. ನಾನು ಎಂದಿನಂತೆ ಬರೆದೆ.

“ಏನ್ ಬರದ್ರಿ ಮುನ್ಶಿ ಸಾಹೇಬ್ರ? ನಮ್ಮ ಮಾತಿನ್ಯಾಗ ಓದಿ ಹೇಳ್ರಿ.”

ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಓದಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

“ಆಕಿ ಬಿದ್ದಿಲ್ಲ. ಹೊಡಿಸ್ಕೊಂಡಾಳ. ಹಂಗ ಬರೀರಿ.”

“ಮೇಸ್ತ್ರಿ ಕೆಟ್ಟಾಂವಲ್ಲ ಯವ್ವಾ. ಮಾಲಕರ ಕಡೆ ಬೈಸ್ಕೊಂಡು ಆ ಸಿಟ್ಟು ಇಲ್ಲಿ ಇಳಸ್ತಾನ.”

“ನನಗೂ ಗೊತ್ತದ. ಅದನ್ನೂ ಬರೀರಿ. ಆದ್ರ ಈಕಿ ಬೆನ್ನು ಅವರ ಸಿಟ್ಟು ಇಳಿಸೋ ಜಾಗ ಅಲ್ಲ.”

ಅವಳ ಹಿಂದೆ ನೋಡಿದರೆ ಹೆಂಗಸರೆಲ್ಲ ಹತ್ತಿ ಉಣಿಸುವುದನ್ನು ಬಿಟ್ಟು ಎದ್ದು ನಿಂತಿದ್ದರು. ಯಂತ್ರಗಳು ಬರಿದೇ ತಿರುಗುತ್ತಿದ್ದವು. ಬರೆದದ್ದಕ್ಕೆ ಗೆರೆ ಎಳೆದು ನಿಜವನ್ನೇ ಬರೆದೆ. ಅದನ್ನು ಓದಿ ಹೇಳಿದ ಮೇಲೆಯೇ ಅವರು ಕುಳಿತರು.

ಆ ರಿಜಿಸ್ಟರ್ ತನಿಖೆಗೆ ಬರುವ ಅಧಿಕಾರಿಯ ಕಣ್ಣಿಗೆ ಬೀಳುವಂಥದ್ದು. ಮಾಲಕರು ಅಂಜಿ ಮೇಸ್ತ್ರಿಯ ಕೈಯಿಂದ ಪಟ್ಟೆ ಕಿತ್ತುಕೊಂಡರು. ಅಂದಿನಿಂದ ನಾನು ಬರೆದದ್ದನ್ನು ಕಿಟಕಿಯಲ್ಲಿ ಓದಿ ಹೇಳುವುದು ರೂಢಿಯಾಯಿತು. ಕೇಳಿಸಿಕೊಳ್ಳದೆ ಹೆಂಗಸರು ಮನೆಗೆ ಹೋಗುತ್ತಿರಲಿಲ್ಲ.

ಎಂಟು ದಿನ ಕಳೆದಿರಬೇಕು... ಯವ್ವನನ್ನು ಗೇಟಿನಲ್ಲೇ ತಡೆದರು. ಮಾಲಕರು ನನ್ನನ್ನು ತಮ್ಮ ಕೋಣೆಗೆ ಕರೆಸಿ ಹಾಜರಿ ಪುಸ್ತಕ ಮುಂದಿಟ್ಟು, “ತಾನಾಗೇ ಕೆಲಸ ಬಿಟ್ಟಾಳ ಅಂತ ಬರಿ” ಎಂದರು. ಬರೆದೆ. ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ... ಹೊರಗೆ ಬಂದಾಗ ಆಕೆ ಗೇಟಿನ ಆಚೆ ನಿಂತೇ ಇದ್ದಳು. “ಏನ್ ಬರದ್ರಿ?” ಎಂದಳು. ಕೇಳಿಸದವನಂತೆ ತಿರುಗಿ ಒಳಗೆ ಹೋದೆ.

ಆಕೆ ತೀರಿಹೋಗಿ ಬಹಳ ವರ್ಷಗಳಾದವು ಎಂದು ಚೀಕಲಪರ್ವಿಯಿಂದ ಬಂದವರು ಹೇಳಿದರು. ತಪ್ಪಾಯಿತು ಎನ್ನೋಣವೆಂದರೆ ಕೇಳಲು ಆಕೆ ಇಲ್ಲ. ಆ ಹಾಜರಿ ಪುಸ್ತಕ ಎಲ್ಲಿ ಹೋಯಿತೋ... ಬರೆಯುವ ಕೈ ಮಾತ್ರ ಇನ್ನೂ ಇದೆ. ಅದಕ್ಕೇ ಇದನ್ನು ಉರ್ದುವಿನಲ್ಲಿ ಅಲ್ಲ, ಆಕೆಯ ಮಾತಿನಲ್ಲೇ ಬರೆಯುತ್ತಿದ್ದೇನೆ. ಓದು ಬಾರದವರಿಗೆ ಯಾರಾದರೂ ಓದಿ ಹೇಳಲಿ. ಯವ್ವ ಕೆಲಸ ಬಿಡಲಿಲ್ಲ. ಬಿಡಿಸಿದರು. ಸುಳ್ಳು ಬರೆದವನು ನಾನು.