ಹೋಗೋಕೇ ಹಾಕಿದ ಮರಳು

"ಈ ಮರ್ಳು ಯಾವೂರ್ ಹಳ್ಳದ್ದವ್ವಾ?"

ಜೀವಮಾನದಲ್ಲಿ ಮೊದಲ ಸಲ ಸಮುದ್ರದ ಎದುರು ನಿಂತ ನಮ್ಮತ್ತೆ ಕೇಳಿದ ಮೊದಲ ಪ್ರಶ್ನೆ ಇದು. ಅಲೆ ನೋಡಲಿಲ್ಲ, ಹಡಗು ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀದಾ ಹೋಗಿ, ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ ಸೈಟ್ ಇಂಜಿನಿಯರ್ ಹುಡುಗಿಯನ್ನು ಕೇಳಿಯೇಬಿಟ್ಟರು. ದನಿಯಲ್ಲಿ ಜಗಳದ ವಾಸನೆ ಇತ್ತು.

ನಾವು ಅಲ್ಲಿಗೆ ಹೋಗಿದ್ದು ಶೈಲಜಾಳಿಗಾಗಿ. ಗುಬ್ಬಿಯ ಆಫೀಸಿನಲ್ಲಿ ಆರು ವರ್ಷ ನಾನೂ ಅವಳೂ ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು. ಆಮೇಲೆ ಅವಳು ಟ್ರಾನ್ಸ್‌ಫರ್ ತಗೊಂಡು ಕರಾವಳಿಯ ಗಂಡನ ಮನೆಗೆ ಹೋದಳು. ಆ ಮನೆಗೂ ಕಡಲಿಗೂ ನಡುವೆ ಒಂದು ರಸ್ತೆ, ಒಂದು ಸಾಲು ತೆಂಗು, ಅಗಲವಾದ ಮರಳ ದಂಡೆ ಇದ್ದವು. ನಾವು ಹೋಗುವ ಮುಂಚಿನ ಮಳೆಗಾಲದ ಬಿರುಗಾಳಿಗೆ ಮೂರೂ ಹೋದವು. ಕಾಂಪೌಂಡ್ ಗೋಡೆ ಬಿರುಕು ಬಿಟ್ಟಿತು. "ಮಾರಾಯ್ತಿ, ಮನೆ ಇರುವಾಗಲೇ ಒಮ್ಮೆ ಬಂದು ಹೋಗು" ಎಂದು ಫೋನ್ ಮಾಡಿದಳು. ಇಂಥ ಆಹ್ವಾನ ಬಂದ ಮೇಲೆ ಹೋಗದೆ ಇರೋದು ಹೇಗೆ?

ಬೇಸಿಗೆಯಲ್ಲಿ ಹೊರಟೆ. "ನಾನೂ ಬರ್ತೀನಿ ಕಣವ್ವಾ. ಆ ಸಮುದ್ರ ಅನ್ನೋದ್ನ ಒಂದ್ಸಲ ನೋಡ್ಬುಡಾನ" ಅಂತ ಅತ್ತೆಯೂ ಚೀಲ ಹಿಡಿದರು.

ಅತ್ತೆ ಹುತ್ರಿದುರ್ಗದ ತಪ್ಪಲಿನವರು. ಈಗ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಮ್ಮ ಜೊತೆ ಇದ್ದಾರೆ. (ಮನಸ್ಸು ಮಾತ್ರ ಅಲ್ಲೇ ಇದೆ.) ಅವರ ಕಾಲದಲ್ಲಿ ಊರಿನ ಹಳ್ಳದಲ್ಲಿ ಮೊಣಕಾಲುದ್ದ ಮರಳಿತ್ತಂತೆ. ಕೈಯಲ್ಲಿ ಕೆದಕಿದರೆ ಕುಡಿಯುವ ನೀರು ಬರುತ್ತಿತ್ತಂತೆ. ಲಾರಿಗಳು ಬಂದವು, ಮರಳು ಹೋಯಿತು, ಅದರ ಹಿಂದೆಯೇ ಪಕ್ಕದ ಬಾವಿಯೂ ಒಣಗಿತು. ಇವತ್ತಿಗೂ ರಿಂಗ್ ರೋಡಿನಲ್ಲಿ ಮರಳಿನ ಲಾರಿ ಕಂಡರೆ ಅತ್ತೆ ದುರುಗುಟ್ಟಿಕೊಂಡು ನೋಡುತ್ತಾರೆ. ಇನ್ನು ಇಲ್ಲಿ? ದಪ್ಪ ಪೈಪಿನ ಬಾಯಿಂದ ಮರಳು ಮರಳಾದ ನೀರು ಭೋರೆಂದು ಸುರಿಯುತ್ತಿತ್ತು. ಬುಲ್ಡೋಜರ್ ಅದನ್ನು ದಡದುದ್ದಕ್ಕೂ ಹರಡುತ್ತಿತ್ತು. ಅತ್ತೆಗೆ ರೇಗದೆ ಇರುತ್ತದೆಯೇ?

ಆ ಹುಡುಗಿ ನಕ್ಕಳು. "ಯಾವ ಹಳ್ಳದ್ದೂ ಅಲ್ಲ ಅಜ್ಜಿ, ಸಮುದ್ರದ್ದೇ. ಅಲ್ಲಿ ಹಡಗು ಕಾಣ್ತಿದೆಯಲ್ಲ, ಅದು ದೂರದಲ್ಲಿ ತಳದ ಮರಳನ್ನ ಎಳ್ಕೊಂಡು ತಂದು ದಡಕ್ಕೆ ಹಾಕುತ್ತೆ. ದಡ ಅಗಲ ಆದ್ರೆ ಅಲೆ ಅಲ್ಲೇ ಸುಸ್ತಾಗುತ್ತೆ. ಮನೆವರೆಗೂ ಜೋರಾಗಿ ಬರಲ್ಲ."

"ಅಂದ್ರೆ ಅದ್ರುದ್ದೇ ಅದುಕ್ಕೆ?"

"ಹೂಂ ಅಜ್ಜಿ."

"ಅಂಗಾದ್ರೆ ಸರಿ ಬುಡು."

ಕೇಸ್ ಕ್ಲೋಸ್. ಆಮೇಲೆಯೇ ಅತ್ತೆ ತಲೆ ಎತ್ತಿ ಸಮುದ್ರ ನೋಡಿದ್ದು. ನೋಡುತ್ತಲೇ ನನ್ನ ಕೈ ಹಿಡಿದುಕೊಂಡರು.

ಮಧ್ಯಾಹ್ನ ಊಟಕ್ಕೆ ಕೂತಾಗ ಈ ಕತೆ ಕೇಳಿ ಶೈಲಜಾಳ ಗಂಡ ಸದಾನಂದರು ಸಿಡುಕಿದರು. "ಎಂಥ ಸರಿ ಅಮ್ಮ? ಹಾಕಿದ್ದೆಲ್ಲ ಬರುವ ಮಳೆಗಾಲಕ್ಕೆ ಪುನಃ ಕಡಲಿಗೇ ಹೋಗ್ತದೆ. ಸುಮ್ಮನೆ ವೇಸ್ಟ್. ನಾನು ಪೇಟೆಯಲ್ಲಿ ಬೇರೆ ಮನೆ ನೋಡಿ ಆಗಿದೆ."

ಬಡಿಸುತ್ತಿದ್ದ ಶೈಲಜಾಳ ಸೌಟು ಗಾಳಿಯಲ್ಲೇ ನಿಂತಿತು. ಅವಳಿಗೂ ಇದು ಹೊಸ ಸುದ್ದಿ ಅಂತ ಮುಖ ಹೇಳುತ್ತಿತ್ತು. ನಾನು ತಟ್ಟೆ ನೋಡಿದೆ. (ಸತ್ಯ ಹೇಳಬೇಕೆಂದರೆ, ಒಳಗೊಳಗೇ ನನಗೂ ಸದಾನಂದರ ಮಾತೇ ಸರಿ ಅನಿಸಿತ್ತು. ಹೋಗುವ ಮರಳನ್ನು ಯಾರಾದರೂ ಸುರಿಯುತ್ತಾರಾ?)

ಅತ್ತೆ ಅನ್ನ ಕಲಸುತ್ತಾ ಕೇಳಿದರು. "ನೀವು ತೆಂಗಿಗೆ ಗೋಡು ಹೊಡ್ಸಾಕಿಲ್ವೇನಪ್ಪ?"

ಸದಾನಂದರಿಗೆ ಅರ್ಥವಾಗಲಿಲ್ಲ.

"ಬ್ಯಾಸ್ಗೇಲಿ ಕೆರೆ ಒಣುಗ್ದಾಗ ತಳದ ಮಣ್ಣು ತಂದು ಮರದ ಬುಡುಕ್ಕೆ ಹಾಕ್ತೀವಿ. ಮಳೆ ಬಂದ್ರೆ ಅರ್ಧಕ್ಕರ್ಧ ತೊಳ್ಕೊಂಡು ಅದೇ ಕೆರೆಗೋಯ್ತದೆ. ಮುಂದಿನ್ ಬ್ಯಾಸ್ಗೇಗೆ ಮತ್ತೆ ತರ್ತೀವಿ. ನಮ್ಮಾವ್ನೋರೂ ಅದುನ್ನೇ ಮಾಡುದ್ರು, ನಾನೂ ಅದುನ್ನೇ ಮಾಡ್ದೆ. ಮಣ್ಣು ನಿಲ್ನಿಲ್ಲ ಕಣಪ್ಪ, ಮರ ನಿಂತವೆ."

ಸದಾನಂದರು ನೀರು ಕುಡಿದರು. ಹೆಂಡತಿಯ ಮುಖ ನೋಡಿದರು. "ಆಯ್ತು. ಒಂದು ಮಳೆಗಾಲ ನೋಡುವ" ಅಂದರು.

ಶೈಲಜಾ ಕೇಳದೆಯೇ ಅತ್ತೆಗೆ ಇನ್ನೊಂದು ಸೌಟು ಪಾಯಸ ಬಡಿಸಿದಳು. (ಶುಗರ್ ಇದೆ ಅಂತ ನಾನು ಕಣ್ಸನ್ನೆ ಮಾಡಿದ್ದು ಇಬ್ಬರಿಗೂ ಕಾಣಿಸಲಿಲ್ಲವಂತೆ!)

ಮಳೆಗಾಲ ಬಂತು. ತುಮಕೂರಿನಲ್ಲಿ ಜಿಟಿಜಿಟಿ, ಟಿವಿಯಲ್ಲಿ ರೆಡ್ ಅಲರ್ಟ್. ಫೋನ್ ಮಾಡಲು ನನಗೆ ಭಯ. ಅತ್ತೆ ಮಾತ್ರ ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಕೇಳುವರು: "ಶೈಲಜನ್ ಮನೆ ಐತೇನವ್ವ?" ನಾನು "ಇದೆ ಅತ್ತೆ" ಅನ್ನುತ್ತಿದ್ದೆ, ಏನೂ ಗೊತ್ತಿಲ್ಲದೆ.

ಕೊನೆಗೊಂದು ದಿನ ಶೈಲಜಾಳೇ ಫೋನ್ ಮಾಡಿದಳು. ಸ್ಪೀಕರ್‌ಗೆ ಹಾಕಿದೆ.

"ಮೂರು ದಿನ ಕಡಲು ಹುಚ್ಚು ಕಟ್ಟಿತ್ತು ಮಾರಾಯ್ತಿ. ಹೊಸ ಮರಳು ಅರ್ಧಕ್ಕಿಂತ ಜಾಸ್ತಿ ಹೋಯ್ತು. ಅಲೆ ಕಾಂಪೌಂಡಿನವರೆಗೆ ಬಂತು. ಒಳಗೆ ಬರ್ಲಿಲ್ಲ…" ಅಷ್ಟು ಹೇಳಿ ಅತ್ತುಬಿಟ್ಟಳು.

ಫೋನ್ ಸದಾನಂದರ ಕೈಗೆ ಹೋಯಿತು. "ಅಮ್ಮನಿಗೆ ಹೇಳಿ. ಮುಂದಿನ ಬೇಸಿಗೆಯಲ್ಲೂ ಮರಳು ಹಾಕಬೇಕು ಅಂತ ಊರಿನವರೆಲ್ಲ ಅರ್ಜಿ ಕೊಟ್ಟಿದ್ದೇವೆ. ಮೊದಲ ಸೈನ್ ನನ್ನದೇ."

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಮರ್ಳು ಹೋದ್ರೆ ಹೋಗ್ಲಿ ತಗಾ. ಹೋಗಕ್ಕೇ ಅಲ್ವಾ ಹಾಕಿದ್ದು?"

ಸಮುದ್ರ ಎಷ್ಟು ವರ್ಷ ಈ ಒಪ್ಪಂದಕ್ಕೆ ಬದ್ಧವಾಗಿರುತ್ತದೋ ನನಗೆ ಗೊತ್ತಿಲ್ಲ. ಇಂಜಿನಿಯರಿಗೂ ಗೊತ್ತಿರಲಾರದು. ಆದರೆ 'ವೇಸ್ಟ್' ಎಂಬ ಪದವನ್ನು ನಾನೀಗ ಸ್ವಲ್ಪ ಯೋಚಿಸಿ ಬಳಸುತ್ತೇನೆ.

ತೊಳೆದ ಪಾತ್ರೆ ಮತ್ತೆ ಮುಸುರೆಯಾಗುತ್ತದೆ ಅಂತ ನಮ್ಮಲ್ಲಿ ಯಾರಾದರೂ ತೊಳೆಯೋದು ನಿಲ್ಲಿಸಿದ್ದಾರಾ?