ಟ್ಯೂಬ್‌ಲೈಟು ನೇಯ್ದ ಪಟ್ಟಿ

ಬೆಳಗಿನ ಆರೂಕಾಲು. ಬನಹಟ್ಟಿಯ ನೇಕಾರರ ಓಣಿಯಲ್ಲಿ ಸೋಮವ್ವನ ಮನೆಯಂಗಳಕ್ಕೆ ಬೆಳಕು ಇಳಿದಿದೆ, ಬಿಸಿಲು ಇನ್ನೂ ಇಳಿದಿಲ್ಲ. ತಾಯವ್ವನಿಗೆ ಬೇಕಾದ ಹೊತ್ತು ಇದೇ. ಸುಣ್ಣದ ಗೋಡೆಗೆ ಅಡ್ಡಲಾಗಿ ಕಟ್ಟಿದ ಗಳುವಿನ ಮೇಲಿಂದ ದಾಳಿಂಬರಿ ಬಣ್ಣದ ಸೀರೆಯೊಂದನ್ನು ಉದ್ದಕ್ಕೆ ಇಳಿಬಿಟ್ಟು, ಅಂಗೈಯಿಂದ ಸುಕ್ಕು ಸವರಿ, ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾರೆ. ಕೊರಳಲ್ಲಿ ದೊಡ್ಡ ಕ್ಯಾಮೆರಾ. ಅದರಿಂದ ಮೂರು ಚಿತ್ರ: ಒಡಲು, ಸೆರಗು, ಅಂಚು. ಆಮೇಲೆ ಸೊಂಟದಲ್ಲಿರುವ ಎಲೆ ಅಡಿಕೆಯ ಚಂಚಿಗೆ ಕೈ ಹಾಕಿ, ಸಾಬೂನಿನ ಬಿಲ್ಲೆಯಷ್ಟಿರುವ ಇನ್ನೊಂದು ಕ್ಯಾಮೆರಾ ತೆಗೆಯುತ್ತಾರೆ. ಗುಂಡಿ ಒತ್ತಿದರೆ ಅದು ಆಮೆಯಂತೆ ಮೆಲ್ಲಗೆ ತಲೆ ಹೊರಗೆ ಹಾಕುತ್ತದೆ. ಟಿಕ್! ನಾಲ್ಕನೆಯ ಚಿತ್ರ.

"ಮೂರು ಸೀರೀದು, ಒಂದು ಸಾಕ್ಷೀದು," ಎನ್ನುತ್ತ ಅದನ್ನು ಮತ್ತೆ ಅಡಿಕೆ ಚೂರುಗಳ ಪಕ್ಕದಲ್ಲಿ ಮಲಗಿಸುತ್ತಾರೆ. ಈ ಸಾಕ್ಷಿಯ ಕತೆಗೆ ಆಮೇಲೆ ಬರೋಣ.

ನಲವತ್ತಾರರ ತಾಯವ್ವ ಮದುವೆಯ ಫೋಟೋ ತೆಗೆಯುವವರಲ್ಲ, ತೊಟ್ಟಿಲ ಕಾರ್ಯಕ್ಕೂ ಹೋಗುವವರಲ್ಲ. ಅವರು ತೆಗೆಯುವುದು ಸೀರೆಯ ಫೋಟೋ ಮಾತ್ರ. ಬನಹಟ್ಟಿ, ರಬಕವಿಯ ಕೈಮಗ್ಗಗಳಿಂದ ಇಳಿದ ಸೀರೆ ಮೊದಲು ತಾಯವ್ವನ ಕ್ಯಾಮೆರಾದ ಮುಂದೆ ನಿಲ್ಲಬೇಕು. ಅಲ್ಲಿಂದ ಚಿತ್ರ ಸೊಲ್ಲಾಪುರ, ಪುಣೆ, ಹುಬ್ಬಳ್ಳಿಯ ಅಂಗಡಿಗಳ ಮೊಬೈಲಿಗೆ ಹೋಗುತ್ತದೆ. ಚಿತ್ರ ನೋಡಿಯೇ ಅವರು ಇಂತಿಷ್ಟು ಬೇಕೆಂದು ಹೇಳಿ ಕಳಿಸುತ್ತಾರೆ. ಚಿತ್ರದ ಮೂಲೆಯಲ್ಲಿ ಅಂಗಡಿಯ ಹೆಸರಿರುತ್ತದೆ, ತೆಗೆದವರ ಹೆಸರಿರುವುದಿಲ್ಲ. ದಿನಕ್ಕೆ ಇಪ್ಪತ್ತೈದು ಸೀರೆಯಂತೆ ಹನ್ನೊಂದು ವರ್ಷದಲ್ಲಿ ಎಪ್ಪತ್ತು ಸಾವಿರ ದಾಟಿದೆ. ಫೋಟೋದಲ್ಲಿ ಒಂದು ಬಣ್ಣ, ಪಾರ್ಸಲ್ಲಿನಲ್ಲಿ ಇನ್ನೊಂದು ಎಂದು ವಾಪಸು ಬಂದ ಸೀರೆ ಒಂದೂ ಇಲ್ಲ. ತಾಯವ್ವ ಎದೆಯೆತ್ತಿ ಹೇಳಿಕೊಳ್ಳುವ ಆಸ್ತಿ ಇದೊಂದೇ.

"ಸೀರಿ ಹ್ಯಾಂಗೈತಿ ಹಂಗ ಕಾಣಬೇಕ್ರಿ. ಚಂದ ಕಂಡ್ರೂ ಸುಳ್ಳು, ಮಬ್ಬ ಕಂಡ್ರೂ ಸುಳ್ಳು," ಎನ್ನುತ್ತಾರೆ. ಮೊಬೈಲಿನಲ್ಲೇ ತೆಗೆಯಬಹುದಲ್ಲ ಎಂದರೆ ಮುಖ ಸಿಂಡರಿಸುತ್ತಾರೆ. "ಮೊಬೈಲ್ ಕೇಳಲಾರದ ಬಣ್ಣಾ ಹಚ್ಚತೈತ್ರಿ. ನಮ್ಮ ಸೀರೀಗೆ ಅದ್ಯಾಕ ಪೌಡರ್ ಹಚ್ಚಬೇಕು?"

ಜಮಖಂಡಿ ತಾಲ್ಲೂಕಿನ ಹುನ್ನೂರಿನಲ್ಲಿ ಹುಟ್ಟಿದ ತಾಯವ್ವ ಮದುವೆಯಾಗಿ ಬನಹಟ್ಟಿಗೆ ಬಂದವರು. ಗಂಡ ಪರಸಪ್ಪ ಸಮೀರವಾಡಿಯ ಕಡೆ ಕಬ್ಬಿನ ಗಾಡಿಗಳ ತೂಕ ನೋಡುವ ಕೆಲಸದಲ್ಲಿದ್ದಾರೆ. ತಾಯವ್ವ ಹದಿನಾರು ವರ್ಷ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತಿದರು. ಹತ್ತಿಯ ನವಿರು ಎದೆಗಿಳಿದು ಉಸಿರು ಕಟ್ಟತೊಡಗಿದಾಗ ವೈದ್ಯರು, ಕಂಡಿಕೆ ಬೇಕೋ ಜೀವ ಬೇಕೋ ಎಂದು ಕೇಳಿದರು. ಕೈಗೆ ಕೆಲಸವಿಲ್ಲದ ಆ ದಿನಗಳಲ್ಲೇ ಜಮಖಂಡಿಯ ಅಲಕಾ ಟೀಚರು ಸೀರೆ ಕೊಳ್ಳಲು ಓಣಿಗೆ ಬಂದರು. ನಿವೃತ್ತಿಯ ದಿನ ಶಾಲೆಯವರು ಕೊಟ್ಟ ಪುಟ್ಟ ಕ್ಯಾಮೆರಾ ಅವರ ಚೀಲದಲ್ಲಿ ಸುಮ್ಮನೆ ಬಿದ್ದಿತ್ತು. ಅದನ್ನು ತಾಯವ್ವನ ಕೈಗಿಟ್ಟರು.

"ನಾ ಆಕೀಗೆ ಗುಂಡಿ ಒತ್ತೋದಷ್ಟ ಕಲಿಸಿದೆ," ಎಂದು ಅಲಕಾ ಟೀಚರು ನಗುತ್ತಾರೆ. "ಬಣ್ಣದ ಕಣ್ಣು ಆಕೀದ ಮೊದಲಿಂದ್ಲೂ ಪಕ್ಕಾ. ಹದಿನಾರು ವರ್ಷ ನೂಲು ಸುತ್ತಿದಾಕಿ ಅಕಿ. ನಮಗ ಕೆಂಪು ಅಂದ್ರ ಒಂದು, ಆಕೀಗೆ ಒಂಬತ್ತು."

ಹೆಣ್ಣುಮಗಳು ಕ್ಯಾಮೆರಾ ಹಿಡಿದು ಮನೆ ಮನೆ ಅಲೆಯುತ್ತಾಳೆಂದು ಓಣಿ ಆಡಿಕೊಂಡಿತು. ಮೊದಲ ವರ್ಷ ಕ್ಯಾಮೆರಾ ಚಂಚಿ ಸೇರಿದ್ದು ಅನುಕೂಲಕ್ಕಲ್ಲ, ನಾಚಿಕೆಗೆ. ಆಮೇಲೆ ಅದೇ ರೂಢಿಯಾಯಿತು. ಆಡಿಕೊಂಡವರೇ ಈಗ, "ನಾಳೆ ನಮ್ಮಲ್ಲಿಗೆ ಮೊದಲ ಬಾ ಬೇ," ಎಂದು ಕರೆಯುತ್ತಾರೆ.

ದೊಡ್ಡ ಕ್ಯಾಮೆರಾ ಬಂದದ್ದು ಹೋದ ವರ್ಷ. ಓಣಿಯ ನೇಕಾರ ಹೆಂಗಸರ ಗುಂಪು ಸೇರಿ ತರಿಸಿದ್ದು. ಮಿರರ್‌ಲೆಸ್ ಎಂದರೆ ಒಳಗೆ ಕನ್ನಡಿ ಇಲ್ಲದ್ದು ಎಂದು ತಾಯವ್ವ ತಿಳಿಸಿ ಹೇಳಿದಾಗ, ನಲವತ್ತು ವರ್ಷದಿಂದ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿರುವ ಸೋಮವ್ವ, "ಕನ್ನಡೀನ ಇಲ್ಲಂದ್ರ ಅದು ಮಾರಿ ಹ್ಯಾಂಗ ನೋಡತೈತಿ?" ಎಂದು ಎಲ್ಲರನ್ನೂ ನಗಿಸಿದ್ದರು.

ಎರಡನ್ನೂ ಬಳಸಿದ ತಾಯವ್ವನ ಬಳಿ ಪಕ್ಕಾ ತೀರ್ಮಾನಗಳಿವೆ. ದೊಡ್ಡದು ನೂಲಿನ ಎಳೆ ಎಳೆಯನ್ನೂ ಎಣಿಸಿ ತೋರಿಸುತ್ತದೆ. ಮಸೂರ ಬದಲಿಸಬಹುದು. ಮಬ್ಬಿನಲ್ಲೂ ಚಿತ್ರ ಸ್ವಚ್ಛ. ಆದರೆ ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಹಿಡಿಯುತ್ತದೆ. ಸಣ್ಣದರ ಭಾರವೇ ಗೊತ್ತಾಗದು, ಆದರೆ ಬಿಸಿಲಲ್ಲಿ ಅದರ ಪರದೆ ಕಾಣದು. ಸೆರಗು ಮರೆಮಾಡಿ ನೋಡಬೇಕು. ಬೆಳಕು ಕಡಿಮೆಯಾದರೆ ಚಿತ್ರದ ಮೇಲೆ ರವೆ ಉದುರಿಸಿದಂತಾಗುತ್ತದೆ. ಕೆಂಪೆಂದರೆ ಅದಕ್ಕೆ ಪ್ರಾಣ, ಒಂದು ಗುಂಜಿ ಹೆಚ್ಚೇ ಬಳಿಯುತ್ತದೆ, ಕಳಿಸುವ ಮೊದಲು ಅಷ್ಟನ್ನು ಇಳಿಸಬೇಕು. "ದೊಡ್ಡದು ಶಾಣೇ ಸೊಸಿ, ಸಣ್ಣದು ಹಳೇ ಅತ್ತಿ. ಮನೀಗೆ ಇಬ್ಬರೂ ಬೇಕ್ರಿ."

ಈ ಶಾಣೇ ಸೊಸೆ ಎಡವಿದ್ದು ಕಳೆದ ಆಷಾಢದಲ್ಲಿ. ಜಿಟಿಜಿಟಿ ಮಳೆ, ಅಂಗಳವೆಲ್ಲ ಕೆಸರು. ಸೊಲ್ಲಾಪುರದ ವ್ಯಾಪಾರಿ ಪ್ರಥಮೇಶನಿಗೆ ಮಧ್ಯಾಹ್ನದೊಳಗೆ ಚಿತ್ರ ಬೇಕಾಗಿತ್ತು. ಸೋಮವ್ವನ ಮಗ್ಗದ ಕೋಣೆಯಲ್ಲೇ, ಹಳೆಯ ಟ್ಯೂಬ್‌ಲೈಟಿನ ಕೆಳಗೆ ಸೀರೆ ಇಳಿಬಿಟ್ಟರು. ಪಕ್ಕದ ತೊಟ್ಟಿಲಲ್ಲಿ ಸೋಮವ್ವನ ಮೊಮ್ಮಗಳು ಮಲಗಿದ್ದಳು. ಬನಹಟ್ಟಿಯ ಕೂಸುಗಳ ರೀತಿಯೇ ಬೇರೆ. ಮಗ್ಗ ಖಟಖಟ ಎನ್ನುವವರೆಗೆ ನಿದ್ದೆ, ಮಗ್ಗ ನಿಂತರೆ ಎಚ್ಚರ. ಫೋಟೋಕ್ಕೆಂದು ಮಗ್ಗ ನಿಲ್ಲಿಸಿದ್ದಾಗಿತ್ತು, ಕೂಸು ಆಗಲೇ ಮಿಸುಕಾಡುತ್ತಿತ್ತು. ಇನ್ನು ಕ್ಯಾಮೆರಾದ ಸದ್ದು ಬೇಡವೆಂದು ತಾಯವ್ವ ದೊಡ್ಡದರಲ್ಲಿ ಸದ್ದಿಲ್ಲದೆ ತೆಗೆಯುವ ವ್ಯವಸ್ಥೆ ಹುಡುಕಿ ಒತ್ತಿದರು. ಚಿತ್ರ ಹೋಯಿತು. ಕೂಸು ಏಳಲಿಲ್ಲ.

ಮರುದಿನ ಪ್ರಥಮೇಶನ ಫೋನು: ಅದೇ ಪಟ್ಟಿ ಸೀರೆ ನಲವತ್ತು ಬೇಕು. ತಾಯವ್ವ ಕಕ್ಕಾಬಿಕ್ಕಿ. ಕಳಿಸಿದ್ದು ಒಂದೇ ಬಣ್ಣದ ಸಾದಾ ಒಡಲಿನ ಸೀರೆ! ಕನ್ನಡಕ ಹಾಕಿ ಚಿತ್ರ ಹಿಗ್ಗಿಸಿ ನೋಡಿದರೆ, ಹೌದು, ಒಡಲ ತುಂಬ ಅಡ್ಡ ಪಟ್ಟಿ. ಒಂದು ಗಾಢ, ಒಂದು ತಿಳಿ. ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ತಿಳಿಯದಷ್ಟು ನಯ. ಚಿತ್ರದಲ್ಲಿದೆ, ಕೈಗೆ ಸಿಗದು. ಕನ್ನಡಿಯೊಳಗಿನ ಗಂಟು ಎನ್ನೋಣವೆಂದರೆ ಈ ಕ್ಯಾಮೆರಾದಲ್ಲಿ ಕನ್ನಡಿಯೂ ಇಲ್ಲ.

"ಹನ್ನೊಂದು ವರ್ಷದ ಹೆಸರು, ಒಂದ ಫೋಟೋದಾಗ ಹೋತು ಅಂದ್ಕೊಂಡೆನ್ರಿ."

ಅಳುತ್ತ ಕೂರಲಿಲ್ಲ. ಚಂಚಿಯಿಂದ ಸಣ್ಣದನ್ನು ತೆಗೆದರು. ಅದೇ ಸೀರೆ, ಅದೇ ಟ್ಯೂಬ್‌ಲೈಟು: ಸಣ್ಣದರಲ್ಲಿ ಪಟ್ಟಿಯಿಲ್ಲ, ದೊಡ್ಡದರಲ್ಲಿದೆ. ಅಂಗಳಕ್ಕೆ ತಂದರು, ಎರಡರಲ್ಲೂ ಇಲ್ಲ. ಮತ್ತೆ ಒಳಗೊಯ್ದು ದೊಡ್ಡದಕ್ಕೆ ಸದ್ದು ಕೊಟ್ಟು ತೆಗೆದರು, ಪಟ್ಟಿ ಮಾಯ. ಕಳ್ಳ ಸಿಕ್ಕಿಬಿದ್ದ. ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿಟುಕುತ್ತದೆ, ನಮ್ಮ ಕಣ್ಣಿಗೆ ಅದು ಗೊತ್ತಾಗದು. ಸದ್ದಿಲ್ಲದೆ ತೆಗೆಯುವಾಗ ಕ್ಯಾಮೆರಾ ಚಿತ್ರವನ್ನು ಮೇಲಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಓದುತ್ತದೆ. ಓದಿ ಮುಗಿಸುವುದರೊಳಗೆ ದೀಪ ನಾಲ್ಕಾರು ಬಾರಿ ಮಿಟುಕಿರುತ್ತದೆ. ದೀಪ ಬೆಳಗಿದಾಗ ಓದಿದ ಗೆರೆ ತಿಳಿ, ಮಂಕಾದಾಗ ಓದಿದ್ದು ಗಾಢ. ಇದನ್ನು ತಾಯವ್ವ ಯಾವ ಪುಸ್ತಕ ನೋಡಿಯೂ ಹೇಳುವುದಿಲ್ಲ. "ನಾವು ಒಂದೊಂದ ಎಳಿ ಹೊಕ್ಕು ಹಾಕ್ತೀವಲ್ರಿ, ಹಂಗ ಅದು ಬೆಳಕಿನ ಹೊಕ್ಕು ಹಾಕೈತಿ."

ಅದೇ ದಿನ ಪ್ರಥಮೇಶನಿಗೆ ಫೋನು ಹಚ್ಚಿ ಇದ್ದದ್ದನ್ನು ಇದ್ದಂತೆ ಹೇಳಿದರು. ಸೀರೆಯಲ್ಲಿ ಪಟ್ಟಿ ಇಲ್ಲ, ತಪ್ಪು ನನ್ನದು ಎಂದರು. ಅವನ ಉತ್ತರ ಚುಟುಕಾಗಿತ್ತು: "ಗಿರಾಕಿಗೆ ತೋರ್ಸೀನಿ, ತಾಯವ್ವಬಾಯಿ. ಪಟ್ಟಿ ಇದ್ದದ್ದು ಕೊಡ್ರಿ, ಇಲ್ಲಾಂದ್ರ ಬ್ಯಾಡ. ಹದಿನೈದು ದಿನದಾಗ ಒಂದ ಮಾಡಿ ತೋರಸ್ರಿ."

ತಲೆ ತಗ್ಗಿಸಿ ಸೋಮವ್ವನ ಮುಂದೆ ನಿಂತರೆ, ಅವರು ಚಿತ್ರವನ್ನು ದಿಟ್ಟಿಸಿ ನೋಡಿ ಹೇಳಿದ್ದು ಒಂದೇ ಮಾತು: "ಟ್ಯೂಬ್‌ಲೈಟಿಗೆ ಬಂದದ್ದು ನನಗ ಬರೂದಿಲ್ಲೇನ?"

ಗಾಢಕ್ಕೊಂದು, ತಿಳಿಗೊಂದು ಎಂದು ಎರಡು ಲಾಳಿ ಹಿಡಿದು ಕೂತರು. ಮೊದಲ ಸಲ ನೇಯ್ದದ್ದನ್ನು ಕಂಡ ಪರಸಪ್ಪ, ಟಾವೆಲ್ ಚಲೋ ಬಂದಿದೆ ಎಂದು ಹೇಳಿ ಇಬ್ಬರಿಂದಲೂ ಬೈಸಿಕೊಂಡರು. ಎರಡನೆಯದರಲ್ಲಿ ಪಟ್ಟಿಯೇ ಕಾಣಲಿಲ್ಲ. ಮೂರನೆಯದಕ್ಕೆ ತಾಯವ್ವ ತಾವೇ ಪಕ್ಕದಲ್ಲಿ ಕೂತು, ಚಿತ್ರ ನೋಡುತ್ತ ಎಳೆ ಎಣಿಸಿದರು. ಹತ್ತು ಗಾಢ, ಆಮೇಲೆ ಒಂಬತ್ತಕ್ಕೆ ಒಂದು ತಿಳಿ, ಎಂಟಕ್ಕೆ ಎರಡು, ಏಳಕ್ಕೆ ಮೂರು. ವೈದ್ಯರು ಬೇಡವೆಂದ ನೂಲಿನ ಕೋಣೆಯಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ಎಂಟು ದಿನ. ಒಂಬತ್ತನೆಯ ಬೆಳಿಗ್ಗೆ ಸೀರೆ ಅಂಗಳದ ಗಳುವಿನ ಮೇಲೇರಿದಾಗ ಓಣಿಯೇ ಬಂದು ನಿಂತಿತ್ತು. ಬೆಳಕೇ ಇಳಿದು ಬಂದು ನೇಯ್ದಂತಿದ್ದ ಪಟ್ಟಿ!

ಚಿತ್ರ ಕಳಿಸಿದರೆ ಪ್ರಥಮೇಶನಿಗೆ ಗುಮಾನಿ. "ಇದು ಖರೆ ಪಟ್ಟಿಯೋ, ಟ್ಯೂಬ್‌ಲೈಟ್ ಪಟ್ಟಿಯೋ?" ಆಗ ಅಂಗಳದ ಬೆಳಕಿನಲ್ಲಿ, ಪಟ್ಟಿಯ ಮೇಲೆ ಸೋಮವ್ವನ ಕೈ ಇಡಿಸಿ, ತಾಯವ್ವ ಚಂಚಿಯ ಕ್ಯಾಮೆರಾದಿಂದ ತೆಗೆದರು. ಟಿಕ್! ಸಾಕ್ಷಿ ಎಂಬ ನಾಲ್ಕನೆಯ ಚಿತ್ರ ಹುಟ್ಟಿದ್ದು ಅಂದು.

ನಲವತ್ತು ಹೋದವು. ಬೆನ್ನಿಗೇ ನೂರಿಪ್ಪತ್ತಕ್ಕೆ ಬೇಡಿಕೆ ಬಂತು. ಈಗ ಓಣಿಯ ಏಳು ಮಗ್ಗಗಳಲ್ಲಿ ನೇಯುವುದು ಈ "ಮಿಣುಕು ಪಟ್ಟಿ"ಯನ್ನೇ. ಮುಧೋಳದ ಅಂಗಡಿಯಲ್ಲಿ ಹೆಸರು ಹಿಡಿದು ಕೇಳುವವರಿದ್ದಾರೆ. ಬೀಳಗಿಯಲ್ಲಿ ಒಂದು ಮದುವೆ ಮನೆಯ ಹೆಣ್ಣುಮಕ್ಕಳೆಲ್ಲ ಅದನ್ನೇ ಉಟ್ಟಿದ್ದರಂತೆ.

ದೀಪಾವಳಿಯೊಳಗೆ ಮಗ್ಗದ ಕೋಣೆಗಳಿಗೆಲ್ಲ ಹೊಸ ದೀಪ ಹಾಕಿಸಲು ಹೆಂಗಸರ ಗುಂಪು ತೀರ್ಮಾನಿಸಿದೆ. ಅದರಲ್ಲಿ ತಾಯವ್ವನದು ಒಂದೇ ಬೇಡಿಕೆ. "ಎಲ್ಲಾ ಬದಲಿ ಮಾಡ್ರಿ. ಸೋಮವ್ವನ ಆ ಟ್ಯೂಬ್‌ಲೈಟ್ ಒಂದ ಬಿಡ್ರಿ. ಇನ್ನೊಂದು ಸೀರಿ ಅದರ ಹೊಟ್ಟ್ಯಾಗ ಇದ್ರೂ ಇರಬಹುದು."

ಬಿಸಿಲು ಅಂಗಳಕ್ಕೆ ಇಳಿದಿದೆ. ಒಳಗೆ ಮಗ್ಗ ಶುರುವಾಗಿದೆ, ಕೂಸು ಮತ್ತೆ ನಿದ್ದೆ ಹೋಗಿದೆ. ತಾಯವ್ವ ಸೀರೆ ಮಡಚಿ, ಮುಂದಿನ ಮನೆಗೆ ಹೊರಡುತ್ತ ಚಂಚಿಯ ದಾರ ಬಿಗಿಯುತ್ತಾರೆ.

"ಎಪ್ಪತ್ತು ಸಾವಿರದಾಗ ನನ್ನ ಒಂದ ಫೋಟೋ ಸುಳ್ಳ ಹೇಳಿತ್ತರಿ," ಎನ್ನುತ್ತಾರೆ. "ಅದನ್ನೂ ಖರೆ ಮಾಡಿ ಕಳಿಸಿವಿ."